ಸೊಲ್ಲಾಪುರದ ಕಡೆಯ ಆಕಾಶ

ಟ್ರಂಕಿಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗದಕೈ ಗೋಡೆಯೊಳಗಿನ ದೇವರ ಮಾಡದಲ್ಲಿ, ದೀಪದ ಹಿಂದೆ, ಅದರ ಜಾಗದಲ್ಲೇ ಇತ್ತು. ಒಳಗೆ ಬಂಗಾರದ ಗುಂಡುಗಳ ಬೋರಮಾಳ ಸರ ಮಾತ್ರ ಇರಲಿಲ್ಲ.

ದುಂಡವ್ವ ಕೂಗಲಿಲ್ಲ. ಟ್ರಂಕಿನ ಮುಂದೆ ಕುಸಿದು ಕುಳಿತವಳು ಪಿಎಸ್‌ಐ ಕಸ್ತೂರಿ ಬರುವವರೆಗೂ ಹಾಗೇ ಕುಳಿತಿದ್ದಳು. ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಬದಿಗೆ, ದ್ರಾಕ್ಷಿ ತೋಟದ ನಡುವೆ ಅವಳ ಮನೆ. ಮಗ, ಸೊಸೆ ಹಿಂದಿನ ದಿನವೇ ಜೈನಾಪುರದ ಮದುವೆಗೆ ಹೋಗಿದ್ದರು.

"ನಸುಕಿನಾಗ ಎದ್ದು ತಗದು ನೋಡೇನಿ ತಂಗಿ. ಇವತ್ತ ಲಗ್ನಕ್ಕ ಹಾಕ್ಕೊಂಡು ಹೋಗಬೇಕಂತ. ಮತ್ತ ಒಳಗಿಟ್ಟು ಬೀಗ ಹಾಕಿ ಎಮ್ಮಿ ಹಿಂಡಾಕ ಹೋದೆ. ಬಂದು ನೋಡ್ತೀನಿ, ಇಲ್ಲ."

"ಆಗ ಹೊತ್ತು ಹುಟ್ಟಿತ್ತೇನು ಆಯಿ?"

"ಹಿಂಡಿ ಏಳೂದ್ರಾಗ ಹುಟ್ಟಿತ್ತು."

ಕಸ್ತೂರಿ ಟ್ರಂಕಿನೊಳಗೆ ಬಗ್ಗಿ ನೋಡಿದಳು. ಒಂದು ಅರಿವೆಯ ಚೀಲ. ಅದರಲ್ಲಿ ಬಂಗಾರದ ನಾಲ್ಕು ಪಾಟಲಿ ಬಳೆ, ಒಂದು ಜೊತೆ ಬೆಂಡೋಲೆ. ಎಲ್ಲವೂ ಕೈಗೆ ಸಿಗುವಂತೆಯೇ ಇದ್ದವು. ಯಾರೂ ಮುಟ್ಟಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಶಿವಯೋಗೆಪ್ಪ ಬಾಗಿಲಲ್ಲಿ ನಿಂತು ಮೀಸೆ ಸವರಿಕೊಂಡ. "ಕಳ್ಳ ಸಿಕ್ಕಾನ್ರಿ ಮೇಡಂ. ಊರ ಮಂದಿನ ಹಿಡದು ಕುಂಡ್ರಿಸ್ಯಾರ. ನಮಗ ಕೆಲಸಾನ ಇಟ್ಟಿಲ್ಲ."

ಅಂಗಳದ ಬೇವಿನ ಗಿಡದ ಕೆಳಗೆ ಕುರಿಗಾರ ತುಕಾರಾಮ ಕುಳಿತಿದ್ದ. ಅವನ ರುಮಾಲಿನಿಂದಲೇ ಅವನ ಕೈ ಕಟ್ಟಿದ್ದರು. ಪಕ್ಕದ ಹೊಲದಲ್ಲಿ ಅವನ ಕುರಿಗಳು ತಂಗಿದ್ದವು. ಬೆಳಗಾಗುವ ಮುಂಚೆ ಈ ಅಂಗಳದಿಂದ ಅವನು ಹೊರಗೆ ಓಡುವುದನ್ನು ಇಬ್ಬರು ಕಂಡಿದ್ದರು.

"ಯಾಕ ಬಂದಿದ್ದಿ?"

"ಬಿಸಿನೀರಿಗೆ ಬಂದಿದ್ದೆ ಸಾಹೇಬ್ರ. ಕುರಿ ಈಯಾಕತ್ತಿತ್ತು. ಮರಿ ಅಡ್ಡ ಸಿಕ್ಕಿತ್ತು. ಬಚ್ಚಲದಾಗ ಹಂಡೆ ಕಾದಿತ್ತು, ತುಂಬ್ಕೊಂಡು ಓಡಿದೆ."

"ಕೇಳದ?"

"ಆಯಿ ಹಿಂಡಾಕ ಕುಂತಿದ್ಲು. ಕೂಗಿದ್ರ ಎಮ್ಮಿ ಬೆದರಿ ಹಾಲ ಬಿಡಂಗಿಲ್ಲಂತ ಸುಮ್ನಾದೆ."

"ಮರಿ ಉಳೀತೇನು?"

ತುಕಾರಾಮ ತಲೆಯೆತ್ತಿ ನೋಡಿದ. ಅಂದು ಬೆಳಗಿನಿಂದ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ. "ಉಳೀತ್ರಿ," ಎಂದ.

ಕಸ್ತೂರಿ ರುಮಾಲಿನ ಗಂಟು ಬಿಚ್ಚಿಸಿದಳು. ಆದರೆ ಜೀಪಿಗೆ ಹತ್ತಿಸದೇ ಇರಲಾಗಲಿಲ್ಲ. ಅಂಗಳದಲ್ಲಿ ನೂರು ಜನ ಸೇರಿದ್ದರು.

* * *

ಜೀಪು ಹೊರಡುವಾಗ ತುಕಾರಾಮನ ಹೆಂಡತಿ ಬೋರವ್ವ ಅಡ್ಡ ನಿಂತಳು. ಸೆರಗಿನಲ್ಲಿ ಆಗಷ್ಟೇ ಹುಟ್ಟಿದ ಮರಿ ಇತ್ತು.

"ನಾಳಿ ಇವನ್ನ ಕೋರ್ಟಿಗೆ ಒಯ್ತೀರಂತ. ಒಯ್ರಿ. ಆಮ್ಯಾಲ ನಮ್ಮ ಕುರಿ ಯಾವ ಹೊಲದಾಗ ಕುಂಡ್ರಬೇಕು, ಅದನ್ನೂ ಹೇಳಿ ಹೋಗ್ರಿ."

ಕಸ್ತೂರಿಗೆ ಆ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಕುರಿಯವರಿಗೆ ಜೋಳ, ಕಾಳು ಕೊಡುತ್ತಾರೆ. ರಾತ್ರಿಯಿಡೀ ತೆರೆದ ಹೊಲ, ಪಕ್ಕದಲ್ಲಿ ಮನೆ. ಹೆಸರು ಕೆಟ್ಟ ಕುರಿಗಾರನನ್ನು ಯಾರೂ ಹೊಲಕ್ಕೆ ಕರೆಯುವುದಿಲ್ಲ. ಕುರಿ ಮಾರುವುದೊಂದೇ ದಾರಿ.

"ನಸುಕಿನಾಗ ಮತ್ತ್ಯಾರರ ಬಂದಿದ್ರೇನು ಬೋರವ್ವ?"

"ಒಂದು ಗಾಡಿ ಬಂದು ಬೇಲಿ ಹತ್ರ ನಿಂತಿತ್ರಿ. ಬೈಕು. ಹಿಂದ ದೊಡ್ಡ ಬುಟ್ಟಿ ಕಟ್ಟಿದ್ರು. ಕೋಳಿ ಮಾರಾವ ಇರಬೇಕು. ನಾಯಿ ಬೊಗಳಿದ್ವು. ನಾ ಕುರಿ ಬಾಣಂತನದಾಗಿದ್ದೆ, ಎದ್ದು ನೋಡಲಿಲ್ಲ."

"ಬಬಲೇಶ್ವರ ಸಂತಿಗಿ ಕೋಳಿಯವ್ರು ಈ ದಾರಿಲೆ ದಿನಾ ಹೋಗ್ತಾರ್ರಿ," ಎಂದ ಶಿವಯೋಗೆಪ್ಪ.

"ಸಂತಿ ದಿನಾ ಇರತದೇನು?"

"ಕೋಳಿ ದಿನಾ ತಿಂತಾರಲ್ರಿ."

* * *

ಕಸ್ತೂರಿ ಶಿವಯೋಗೆಪ್ಪನನ್ನು ತುಕಾರಾಮನೊಂದಿಗೆ ಠಾಣೆಗೆ ಕಳಿಸಿ, ತಾನು ಮತ್ತೆ ಒಳಗೆ ಬಂದಳು. ದುಂಡವ್ವನ ಎದುರಿಗೆ ನೆಲದ ಮೇಲೇ ಕುಳಿತಳು.

"ಆಯಿ, ಪಾಟಲಿ ಬಿಟ್ಟು ಸರ ಅಷ್ಟ ಒಯ್ಯೋ ಕಳ್ಳನ್ನ ನಾ ಇನ್ನೂ ಕಂಡಿಲ್ಲ. ಬೀಗದಕೈ ಮತ್ತ ದೀಪದ ಹಿಂದ ಇಟ್ಟು ಹೋಗೋ ಕಳ್ಳನ್ನೂ ಕಂಡಿಲ್ಲ. ಈ ಸರ ಯಾರದು?"

ದುಂಡವ್ವ ಟ್ರಂಕಿನ ಮುಚ್ಚಳ ಮುಚ್ಚಿದಳು.

"ನಂದಲ್ಲ. ನಮ್ಮ ತಮ್ಮನ ಹೆಂಡ್ತಿ ಮುರಿಗೆವ್ವಂದು. ಆಕಿ ನಾನು ಅತ್ತಿಗಿ ನಾದಿನಿ ಅಂದ್ರ ಯಾರೂ ನಂಬತಿರಲಿಲ್ಲ. ಒಂದ ತಾಟಿನಾಗ ಉಂಡವ್ರು. ಸಾಯೂ ಮುಂದ ನನ್ನ ಕೈಯಾಗ ಸರ ಕೊಟ್ಟು, 'ನನ್ನ ಮಗನ ಹೆಂಡ್ತಿಗೆ ಹಾಕು' ಅಂದಿದ್ಲು."

"ಹಾಕಿದ್ರೇನು?"

"ಇಲ್ಲ." ಅವಳ ಕಣ್ಣು ತುಂಬಿದವು. "ಕೊಡಬೇಕು ಕೊಡಬೇಕು ಅಂತನ ವರ್ಷ ಹೋದ್ವು. ಕೊರಳಾಗ ಹಾಕ್ಕೊಂಡ್ರ ಆಕಿನ ಬಂದು ಮಗ್ಗಲದಾಗ ಕುಂತಂಗ ಆಗತಿತ್ತು ತಂಗಿ. ದಸರಾಕ್ಕ ಬಂದು ಅರುಣ ಕೇಳಿದ. ನಾ ಇರೂತನಕ ಇರಲಿ ಅಂದೆ. ಸಿಟ್ಟಾಗಿ ಹೋದ."

"ಅರುಣ?"

"ಅರುಣಕುಮಾರ. ಆಕಿ ಮಗ. ವಿಜಯಪುರದಾಗ ಜೋರಾಪುರ ಪೇಟ್ಯಾಗ ಇರ್ತಾನ." ಮರುಕ್ಷಣವೇ ಕೈಯಾಡಿಸಿದಳು. "ಅಂವಾ ಅಲ್ಲ! ನಿನ್ನಿ ರಾತ್ರಿನ ಹಕ್ಕಿ ತಗೊಂಡು ಸೊಲ್ಲಾಪುರಕ್ಕ ಹೋಗ್ಯಾನ. ಹೊತ್ತು ಹುಟ್ಟೂ ಮುಂದ ಅಲ್ಲಿ ಹಕ್ಕಿ ಬಿಟ್ಟಾನ. ಪೇಟಿಗೆ ಪೇಟಿನ ಸಾಕ್ಷಿ ಅದ. ಹತ್ತಕ್ಕ ಫೋನ್ ಮಾಡಿದ್ದ, ಕುರಿಯಾಂವನ್ನ ಹಿಡದಾರಂತ ನಾನ ಹೇಳೇನಿ."

ಕಸ್ತೂರಿ ಎದ್ದು ನಿಂತಳು. ಹಕ್ಕಿ ಎಂದರೆ ಯಾವ ಹಕ್ಕಿ ಎಂದು ಅವಳು ಕೇಳಲಿಲ್ಲ.

* * *

ಜೋರಾಪುರ ಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ಒಂದು ಕಾಲದಲ್ಲಿ ಅಲ್ಲಿನ ಮಾಳಿಗೆ ಮಾಳಿಗೆಯ ಮೇಲೆ ಪಾರಿವಾಳದ ಗೂಡುಗಳಿದ್ದವು. ಕಸ್ತೂರಿಯ ಅಪ್ಪ ಗುರಲಿಂಗಪ್ಪ ಅರಿವೆ ಅಂಗಡಿಯಲ್ಲಿ ದುಡಿದು ಬಂದವನೇ ಅಂಗಿ ಬಿಚ್ಚದೆ ಮಾಳಿಗೆ ಹತ್ತುತ್ತಿದ್ದ. "ಮನಿಗೆ ಬಂದೀಯೋ, ಹಕ್ಕಿಗೆ ಬಂದೀಯೋ?" ಎಂದು ಅವ್ವ ಕೆಳಗಿನಿಂದ ಕೂಗುತ್ತಿದ್ದಳು.

ವರ್ಷಕ್ಕೊಮ್ಮೆ ಸೊಲ್ಲಾಪುರದ ಪಂದ್ಯ. ಬೆಳಿಗ್ಗೆ ಅಲ್ಲಿ ಬಿಟ್ಟ ಹಕ್ಕಿಗಳಲ್ಲಿ ಯಾರದು ಮೊದಲು ಮನೆಗೆ ಬರುತ್ತದೋ ಅವರು ಗೆದ್ದಂತೆ. ಅಪ್ಪ ಹಕ್ಕಿಗಳ ಬುಟ್ಟಿಯೊಂದಿಗೆ ರಾತ್ರಿಯ ಬಸ್ಸು ಹತ್ತುತ್ತಿದ್ದ. ಕಂಡಕ್ಟರ್ ಬುಟ್ಟಿಗೆ ಅರ್ಧ ಟಿಕೀಟು ಹರಿಯುತ್ತಿದ್ದ. ಅದರಲ್ಲೇ ಒಂದು ಸಣ್ಣ ಜಗಳವಾಗುತ್ತಿತ್ತು. ಹೊರ್ತಿ, ಝಳಕಿ, ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ. ಗುಂಡಿಗೊಂದು ಕುಲುಕಾಟ, ಊರಿಗೊಂದು ಚಹಾ. ರಸ್ತೆಯಲ್ಲಿ ನೂರು ಕಿಲೋಮೀಟರ್. ಬಸ್ಸಿಗೆ ಅದು ಒಂದು ರಾತ್ರಿ.

ಹಕ್ಕಿಗೆ ಒಂದೂವರೆ ತಾಸು.

ಪುಟ್ಟ ಕಸ್ತೂರಿ ಶಾಲೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದಳು. ರಸ್ತೆ ಸುತ್ತಿ ಬಳಸಿ ಬರುತ್ತದೆ. ಹಕ್ಕಿ ನೆಟ್ಟಗೆ ಬರುತ್ತದೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಆ ಸೂತ್ರವನ್ನು ಅವಳು ಮೊದಲು ಕಲಿತದ್ದು ಮಾಳಿಗೆಯ ಮೇಲೆ. ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದಾಗಲೂ ವೇಗ ಎಂದರೆ ಅವಳಿಗೆ ಕಾಣಿಸುತ್ತಿದ್ದುದು ಉತ್ತರದ ಆಕಾಶದಲ್ಲಿ ಮೂಡುವ ಒಂದು ಕರಿ ಚುಕ್ಕೆ, ಅದರ ಕಡೆಗೆ ಅಪ್ಪ ಎತ್ತಿದ ಬೆರಳು.

ಈಗ ರಸ್ತೆ ನಾಲ್ಕು ಪಥದ್ದಾಗಿದೆ. ಬೈಕಿನವನೂ ಎರಡು ತಾಸಿನಲ್ಲಿ ಸೊಲ್ಲಾಪುರ ಮುಟ್ಟುತ್ತಾನೆ. ಹಕ್ಕಿಯ ವೇಗ ಮಾತ್ರ ಆಗ ಎಷ್ಟಿತ್ತೋ ಅಷ್ಟೇ ಇದೆ. ಅಪ್ಪ ಹೋದ ಮೇಲೆ ಅವರ ಗೂಡು ಕಿತ್ತರು. ಆ ಮಾಳಿಗೆಯಲ್ಲಿ ಈಗ ನೀರಿನ ಟಾಕಿ ಕುಳಿತಿದೆ.

* * *

ಅರುಣಕುಮಾರ ತನ್ನ ಅಂಗಡಿಯಲ್ಲಿದ್ದ. ದ್ರಾಕ್ಷಿ ಒಣಗಿಸುವ ಬಲೆ, ತಾಡಪತ್ರಿ ಮಾರುವ ಅಂಗಡಿ. ಮುಖದಲ್ಲಿ ನಿದ್ದೆಗೆಟ್ಟ ದಣಿವು. ಮಾತು ನಿಧಾನ.

"ಸುದ್ದಿ ಕೇಳೇನ್ರಿ. ದುಂಡವ್ವತ್ತಿಗೆ ಫೋನ್ ಮಾಡಿದ್ದೆ. ಪಾಪ, ಅಳಾಕತ್ತಿದ್ಲು."

"ಬೆಳಿಗ್ಗೆ ಎಲ್ಲಿದ್ರಿ?"

"ಸೊಲ್ಲಾಪುರದಾಗ. ಈ ಸಲ ಹಕ್ಕಿ ಬಿಡೂ ಪಾಳಿ ನಂದು."

"ಜೊತಿಗೆ?"

"ಯಾರೂ ಇಲ್ಲ. ಈಗ ಉಳದಿದ್ದ ಏಳು ಮಾಳಗಿ, ಮೂವತ್ತು ಹಕ್ಕಿ. ಬೈಕಿನ ಮ್ಯಾಲ ಒಂದ ಬುಟ್ಟಿ. ಟೋಲ್ ಚೀಟಿ ಕೇಳಬ್ಯಾಡ್ರಿ, ಬೈಕಿಗೆ ಇಲ್ಲ."

"ಫೋನು?"

ಅವನು ನಕ್ಕ. "ಗೈಬುಸಾಬ ಚಾಚಾನ ಹತ್ರ ಇತ್ತು. ಬಿಡಾಂವ ತನ್ನವರಿಗೆ ಮೊದಲ ಸುದ್ದಿ ಕೊಡಬಾರದಂತ ಫೋನ್ ಇಟ್ಟು ಹೋಗೋ ರಿವಾಜು. ನಿಮ್ಮ ಅಪ್ಪಾರ ಹಾಕಿಕೊಟ್ಟದ್ದಲ್ರಿ ಅದು? ಸೂರ್ಯಾ ಹುಟ್ಟೂ ಮುಂದ ಬಿಟ್ಟೆ. ಹಕ್ಕಿ ಮನಿಗೆ ಬಂದಾವೋ ಇಲ್ಲೋ, ಹೋಗಿ ಕೇಳ್ರಿ. ಮನುಷ್ಯಾ ಸುಳ್ಳ ಹೇಳ್ಯಾನು. ಹಕ್ಕಿ ಹೇಳಂಗಿಲ್ಲ."

ನಿಜವೇ. ಸೂರ್ಯ ಹುಟ್ಟುವಾಗ ಸೊಲ್ಲಾಪುರದಲ್ಲಿದ್ದವನು ಅದೇ ಹೊತ್ತಿಗೆ ಟಿಕೋಟಾದ ಹತ್ತಿರ ಇರಲಾರ. ಈ ಎರಡರ ನಡುವೆ ನೂರಿಪ್ಪತ್ತು ಕಿಲೋಮೀಟರ್ ರಸ್ತೆಯಿದೆ.

ಕಸ್ತೂರಿಯ ಫೋನು ಗುನುಗಿತು. ಶಿವಯೋಗೆಪ್ಪ. "ಸರ್ಕಲ್ ಸಾಹೇಬ್ರು ಕೇಳಾಕತ್ತಾರ್ರಿ. ತುಕಾರಾಮನ ಕಾಗದಾ ಇವತ್ತ ತಯಾರ ಮಾಡಂತ."

"ಸಂಜೀತನಕ ತಡಿ," ಎಂದಳು ಕಸ್ತೂರಿ.

* * *

ಗೈಬುಸಾಬನ ಮಾಳಿಗೆಯ ಮೆಟ್ಟಿಲುಗಳನ್ನು ಅವಳ ಕಾಲು ಮರೆತಿರಲಿಲ್ಲ. ಹಳೆಯ ಜೋಳದ ವಾಸನೆ, ರೆಕ್ಕೆಯ ಧೂಳು, ಗುಟುರು. ಮುದುಕ ಅವಳನ್ನು ನೋಡಿದವನೇ ಪೇಢೆಯ ಡಬ್ಬಿ ತೆರೆದ.

"ತಿನ್ನು ಬೇಟಿ! ಖಾಕಿ ಹಾಕ್ಕೊಂಡ್ರ ಏನಾತು, ಬಾಯಿ ಅದ ಅಲ್ಲ? ಇವತ್ತ ಈದ್ ಇದ್ದಂಗ ನಮಗ. ಮೂವತ್ತಕ್ಕ ಮೂವತ್ತೂ ಬಂದಾವ. ನಿಮ್ಮಪ್ಪ ಇರಬೇಕಿತ್ತು."

"ಒಂದೂ ಹೋಗಲಿಲ್ಲ?"

"ಒಂದೂ ಇಲ್ಲ! ಪ್ರತಿ ವರ್ಷ ಒಂದೆರಡು ಗಿಡಗದ ಬಾಯಿಗೆ ಬೀಳ್ತಾವ, ಒಂದೆರಡು ದಾರಿ ತಪ್ತಾವ. ಈ ಸಲ ಅಲ್ಲಾನ ಮೆಹರಬಾನಿ."

ಅವನ ಹಕ್ಕಿಗಳು ಕಟ್ಟೆಯ ಮೇಲೆ ಓಡಾಡುತ್ತಿದ್ದವು. ದೂರದಿಂದಲೇ ಗುರುತು ಸಿಗಲೆಂದು ಅವನು ಬಾಲಕ್ಕೆ ಹಸಿರು ಬಣ್ಣ ಹಚ್ಚುತ್ತಾನೆ. ಪೇಟೆಯಲ್ಲಿ ಆ ಬಣ್ಣ ಅವನೊಬ್ಬನದೇ.

"ಯಾವುದು ಮೊದಲ ಬಂತು ಚಾಚಾ?"

ಗೈಬುಸಾಬ ತಲೆ ಕೆರೆದುಕೊಂಡ. "ಅದ ಜಗಳ ನಡದದ ನೋಡು. ಎಲ್ಲಾ ಕೂಡೇ ಬಂದ್ವು. ಏಳೂ ಮಾಳಗಿ ಮಂದಿ ನಾವ ಫಸ್ಟ್ ನಾವ ಫಸ್ಟ್ ಅಂತ ಕುಣ್ಯಾಕತ್ತಾರ. ಎಲ್ಲಾರೂ ಸೊಲ್ಲಾಪುರದ ಕಡೆ ಕಣ್ಣ ನೆಟ್ಟು ನಿಂತೀವಿ, ಇವು ಎಡ ಮಗ್ಗಲಿಂದ ಬಂದು ತಲಿ ಮ್ಯಾಲ ಗಿರ್ಕಿ ಹೊಡ್ಯಾಕತ್ತಿದ್ವು. ಅತ್ತಿ ಬಂದಂಗ, ಸಪ್ಪಳಿಲ್ಲದ!"

ಕಸ್ತೂರಿಯ ಬಾಯಲ್ಲಿದ್ದ ಪೇಢೆ ಅಲ್ಲೇ ನಿಂತಿತು.

"ಇಳದ ಮ್ಯಾಲ ನೀರ ಕುಡದ್ವೇನು?"

"ನೀರ?" ಮುದುಕ ಮೂಲೆಯ ಅಗಲವಾದ ಮಣ್ಣಿನ ಪಾತ್ರೆಯ ಕಡೆ ನೋಡಿದ. "ಇಲ್ಲ... ಇಳದಾವ ಸೀದಾ ಕಾಳಿಗೆ ಬಿದ್ವು. ಖುಷಿಯೊಳಗ ನಾ ಅದನ್ನ..."

ಐವತ್ತು ವರ್ಷ ಹಕ್ಕಿ ಹಾರಿಸಿದವನು. ಅವನ ಮುಖದ ಮೇಲಿನ ಈದ್ ಮೆಲ್ಲನೆ ಇಳಿಯುತ್ತಿರುವುದನ್ನು ಕಸ್ತೂರಿ ನೋಡಲಾರದೆ ಅಪ್ಪನ ಮಾಳಿಗೆಯ ಕಡೆ ತಿರುಗಿದಳು.

* * *

ಸಂಜೆಯ ಬಿಸಿಲು ಹಳದಿಯಾಗಿತ್ತು. ದುಂಡವ್ವನ ತೋಟದಿಂದ ಅರ್ಧ ಮೈಲಿ ಆಚೆ ಒಂದು ಕೃಷಿ ಹೊಂಡವಿತ್ತು. ಸುತ್ತ ಜಾಲಿ ಬೆಳೆದು ರಸ್ತೆಗೆ ಕಾಣದಂತಿತ್ತು. ಒಂದು ತಾಸು ಅಡಗಿ ಕೂರಬೇಕಾದವನು ಆರಿಸುವ ಜಾಗ.

ಏರಿಯ ಮೇಲೆ ಬೈಕಿನ ಚಕ್ರದ ಗುರುತು. ಪಕ್ಕದಲ್ಲಿ ಬುಟ್ಟಿಯ ತಳ ಒತ್ತಿದ ಗುಂಡಗಿನ ಗುರುತು; ಅದರೊಳಗೆ ಒಣಗಿದ ಬಿಳಿ ಹಿಕ್ಕೆ. ಒಡೆದ ಅರ್ಧ ಗಡಿಗೆಯಲ್ಲಿ ಇನ್ನೂ ಸ್ವಲ್ಪ ನೀರಿತ್ತು.

"ಕೋಳಿಯಾಂವಂದ ಇರಬೇಕ್ರಿ," ಎಂದ ಶಿವಯೋಗೆಪ್ಪ.

ಕಸ್ತೂರಿ ಜಾಲಿಯ ಮುಳ್ಳಿಗೆ ಸಿಕ್ಕಿದ್ದ ಒಂದು ಗರಿಯನ್ನು ಬಿಡಿಸಿ ಅವನ ಮುಂದೆ ಹಿಡಿದಳು. ತುದಿ ಹಸಿರು.

"ಹಸರ ಕೋಳಿ ತಿಂದೀಯೇನು ಶಿವಯೋಗೆಪ್ಪ?"

* * *

ಅರುಣಕುಮಾರನನ್ನು ಅವಳು ಠಾಣೆಗೆ ಕರೆಸಲಿಲ್ಲ. ಗೈಬುಸಾಬನ ಮಾಳಿಗೆಗೇ ಕರೆಸಿದಳು. ದೀಪ ಹಚ್ಚುವ ಹೊತ್ತು. ಹಕ್ಕಿಗಳು ಗೂಡು ಸೇರಿದ್ದವು. ಮುದುಕ ಮೂಲೆಯಲ್ಲಿ ಕುಳಿತಿದ್ದ.

"ನೀವು ಹೇಳಿದ್ದು ಖರೆ. ಹಕ್ಕಿ ಸುಳ್ಳ ಹೇಳಂಗಿಲ್ಲ," ಎಂದಳು ಕಸ್ತೂರಿ. "ನಾವ ಕೇಳೂದು ತಡಾ ಮಾಡಿದ್ವಿ."

"ಅಂದ್ರ?"

"ಬಸ್ ಸ್ಟ್ಯಾಂಡಿನಿಂದ ಎರಡು ಬಸ್ಸು ಕೂಡೇ ಬಿಡ್ತಾವ ಅನ್ರಿ. ಒಂದು ಚಲೋದು, ಒಂದು ಮುದಿ ಬಸ್ಸು. ಟಿಕೋಟಾಕ್ಕ ಹೋಗೂದ್ರಾಗ ಹಿಂದ ಮುಂದ ಮುಟ್ತಾವ. ಸೊಲ್ಲಾಪುರಕ್ಕ ಹೋಗೂದ್ರಾಗ ಅರ್ಧಾ ತಾಸು ಅಂತರ ಬೀಳತದ. ದೂರ ಹೆಚ್ಚಾದಂಗ ಅಂತರ ಹೆಚ್ಚಾಗತದ. ಏಳು ಮಾಳಗಿ ಹಕ್ಕಿ. ಎಳೇವು, ಮುದೇವು, ಜೋರಿನವು, ಸಣಕಲು. ಸೊಲ್ಲಾಪುರದಿಂದ ಬಂದಿದ್ರ ಒಂದೊಂದ ಬರಬೇಕಿತ್ತು. ಎಲ್ಲಾ ಒಂದ ಹಿಂಡಾಗಿ ಬಂದಾವ. ಅಂದ್ರ ಹತ್ರದಿಂದ ಬಂದಾವ."

ಅರುಣಕುಮಾರ ತುಟಿ ಒದ್ದೆ ಮಾಡಿಕೊಂಡ.

"ಸೊಲ್ಲಾಪುರ ಉತ್ತರಕ್ಕ ಅದ. ಎಲ್ಲಾರೂ ಆ ಕಡೆ ನೋಡಾಕತ್ತಿದ್ರು. ಹಕ್ಕಿ ಕಾಣಲಿಲ್ಲ, ಯಾಕಂದ್ರ ಪಶ್ಚಿಮದಿಂದ ಬಂದ್ವು. ಟಿಕೋಟಾ ಕಡಿಂದ. ಹೊತ್ತು ಹುಟ್ಟೂ ಮುಂದ ಅತ್ತಿ ಹಿಂಡಾಕ ಕುಂತಾಗ ಒಳಗ ಹೋದ್ರಿ. ಬೀಗದಕೈ ಎಲ್ಲಿರತದ ಅಂತ ಸಣ್ಣಾಂವ ಇದ್ದಾಗಿಂದ ಗೊತ್ತು. ಆಮ್ಯಾಲ ಹಕ್ಕಿ ಬಿಡಾಕ ತಾಸೊಂದು ಕಾಯಬೇಕು. ಇಲ್ಲಂದ್ರ ಹೊತ್ತಿಗೆ ಮೊದಲ ಮನಿ ಮುಟ್ತಾವ. ಹೊಂಡದ ಏರಿ ಮ್ಯಾಲ ಕುಂತ್ರಿ. ಲೆಕ್ಕ ಬರೋಬ್ಬರಿ ಇತ್ತು. ಒಂದ ತಪ್ಪು ಮಾಡಿದ್ರಿ."

"ಏನ?"

"ನೀರ ಕುಡಿಸಿದ್ರಿ."

ಅರುಣಕುಮಾರ ಕಣ್ಣು ಮುಚ್ಚಿದ.

"ಸೊಲ್ಲಾಪುರದಿಂದ ಬಂದ ಹಕ್ಕಿ ಕಾಳು ಮುಟ್ಟಂಗಿಲ್ಲ, ಮೊದಲ ನೀರಿನಾಗ ಕೊಕ್ಕ ಹಾಕಿ ಗಟಗಟಾ ಕುಡೀತದ. ಇವು ಕುಡೀಲಿಲ್ಲ. ರಾತ್ರಿಯೆಲ್ಲಾ ಬುಟ್ಯಾಗ ಇದ್ದಾವ, ಬಾಯಿ ತಗದಾವ. ಅದನ್ನ ನೋಡಿ ಪಾರಿವಾಳದ ಮನುಷ್ಯಾಗ ಸುಮ್ಮನ ಕುಂಡ್ರಾಕ ಆಗೂದಿಲ್ಲ. ಬ್ಯಾರೆ ಕಳ್ಳ ಇದ್ದಿದ್ರ ಕುಡಸತಿರಲಿಲ್ಲ." ಅವಳು ಹಸಿರು ಗರಿಯನ್ನು ಕಟ್ಟೆಯ ಮೇಲಿಟ್ಟಳು. "ಇದು ಹೊಂಡದ ಹತ್ರ ಸಿಕ್ತು."

ಗೈಬುಸಾಬ ಗರಿಯನ್ನು ಎತ್ತಿಕೊಂಡು ನೋಡಿದ. "ನಾ ನಿನ್ನ ಕೈಗೆ ಹಕ್ಕಿ ಕೊಟ್ಟಿದ್ದೆ ಅರುಣ," ಎಂದಷ್ಟೇ ಹೇಳಿ ಕೆಳಗಿಳಿದು ಹೋದ.

ಅರುಣಕುಮಾರ ಅತ್ತದ್ದು ಆಗ. ಸ್ವಲ್ಪ ಹೊತ್ತಿನ ಮೇಲೆ ತನ್ನ ಮನೆಯ ಕಾಳಿನ ಡಬ್ಬಿಯಿಂದ ಸರ ತಂದು ಅವಳ ಕೈಗಿಟ್ಟ. ಸಣ್ಣ ಬೋರೆಹಣ್ಣಿನಂಥ ಬಂಗಾರದ ಗುಂಡುಗಳು. ಒಂದರ ಮೇಲೆ ಹಲ್ಲಿನ ಗುರುತಿತ್ತು.

"ಅದು ನಂದ್ರಿ. ಅವ್ವನ ತೊಡಿ ಮ್ಯಾಲ ಕುಂತು ಕಡೀತಿದ್ದೆ. ನಾ ಕದ್ದಿಲ್ಲ. ನಮ್ಮವ್ವಂದು ನಾ ತಂದೀನಿ."

"ಸರ ನಿಮ್ಮವ್ವಂದ ಇರಬಹುದು. ಕೇಳಿ ತರೂ ದಾರಿ ಇತ್ತು," ಎಂದಳು ಕಸ್ತೂರಿ. "ಆದ್ರ ಹತ್ತು ಗಂಟೇಕ್ಕ ಅತ್ತಿಗೆ ಫೋನ್ ಮಾಡಿದ್ರಿ. ಕುರಿಯಾಂವನ್ನ ಹಿಡದಾರ ಅಂತ ಆಕಿ ಹೇಳಿದ್ಲು. ಆಮ್ಯಾಲ ಇಲ್ಲೇ ಕುಂತು ಪೇಢೆ ತಿಂದ್ರಿ. ಅದಕ್ಕ ಯಾವ ಅವ್ವನ ಹೆಸರ ಹೇಳ್ತೀರಿ?"



* * *

ಮರುದಿನ ಬೆಳಿಗ್ಗೆ ತುಕಾರಾಮ ಠಾಣೆಯಿಂದ ಹೊರಗೆ ಬಂದ. ಗೇಟಿನ ಹೊರಗೆ ಬೋರವ್ವ ಕುರಿಗಳನ್ನೆಲ್ಲ ಹೊಡೆದುಕೊಂಡು ಬಂದು ನಿಂತಿದ್ದಳು. ದುಂಡವ್ವನೂ ಬಂದಿದ್ದಳು. ಕೊರಳು ಬರಿದಾಗಿತ್ತು, ಸರ ಇನ್ನು ಕೋರ್ಟಿನ ವಶ. ಒಂದೇ ರಾತ್ರಿಯಲ್ಲಿ ಅವಳ ಬೆನ್ನು ಬಾಗಿದಂತೆ ಕಾಣುತ್ತಿತ್ತು.

"ಯಪ್ಪಾ ತುಕಾರಾಮ, ತಪ್ಪಾತು. ಕುರಿ ನಮ್ಮ ಹೊಲದಾಗನ ಇರಲಿ. ಹೋಗಬ್ಯಾಡ."

ತುಕಾರಾಮ ನೆಲ ನೋಡಿದ. "ಅರಕೇರಿ ಕಡೆ ಹೋಗ್ತೀವಿ ಆಯಿ. ಅಲ್ಲಿ ಸುದ್ದಿ ಮುಟ್ಟಿರಲಿಕ್ಕಿಲ್ಲ."

"ಸುದ್ದಿ ನಮಗಿಂತ ಮೊದಲ ಮುಟ್ಟಿರತದ ಬಿಡು," ಎಂದಳು ಬೋರವ್ವ. ಆಮೇಲೆ ದುಂಡವ್ವನ ಕಡೆ ತಿರುಗಿದಳು. "ನಿಮ್ಮ ಅಂಗಳದಾಗ ಊರ ಮಂದಿ ಮುಂದ ನನ್ನ ಗಂಡನ ಕೈ ಕಟ್ಟಿದ್ರು. ನೀವು ಒಳಗ ಕುಂತಿದ್ರಿ, ಬ್ಯಾಡ ಅನಲಿಲ್ಲ. ಈಗ ಗೇಟಿನ್ಯಾಗ ತಪ್ಪಾತು ಅಂದ್ರ ಯಾರಿಗೆ ಕೇಳತದ್ರಿ?"

ದುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತುಕಾರಾಮನ ಕೈಯಿಂದ ಕೋಲು ತೆಗೆದುಕೊಂಡಳು. ಕುರಿಗಳ ಮುಂದೆ ನಡೆಯತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ಕಸ್ತೂರಿಯ ಜೀಪು ಟಿಕೋಟಾದ ನಡುಬಜಾರಿನಲ್ಲಿ ಸಿಕ್ಕಿಕೊಂಡಿತು. ರಸ್ತೆ ತುಂಬ ಕುರಿ. ಎದುರಿನಿಂದ ಬಸ್ಸು, ಟ್ರ್ಯಾಕ್ಟರು. ಮಂದಿ ಅಂಗಡಿಗಳಿಂದ ಹೊರಗೆ ಬಂದು ನಿಂತಿದ್ದರು. ಹಿಂಡಿನ ಮುಂದೆ ದುಂಡವ್ವ. ಅಂಗಡಿ ಅಂಗಡಿಗೆ ನಿಂತು ಅವಳು ಅದೇ ಮಾತು ಹೇಳುತ್ತಿದ್ದಳು.

"ಸರ ಕದ್ದಾಂವ ನನ್ನ ತಮ್ಮನ ಮಗ. ಇಂವಾ ಅಲ್ಲ. ಕೇಳಿದ್ರೇನು? ಇಂವಾ ಅಲ್ಲ."

ಶಿವಯೋಗೆಪ್ಪ ಹಾರ್ನಿನ ಮೇಲೆ ಕೈಯಿಟ್ಟ. "ಹೊಲ ಐದು ನಿಮಿಷದ ದಾರ್ರಿ ಮೇಡಂ. ಹಿಂಗ ನಡದ್ರ ಮಧ್ಯಾನ್ನ ಆಗತದ."

"ಆಗಲಿ," ಎಂದಳು ಕಸ್ತೂರಿ. "ಎಂಜಿನ್ ಬಂದ್ ಮಾಡು."